ಮೊದಲು ದೊಡ್ಡದಾಗಿ ಕತ್ತರಿಸಿ, ಆಮೇಲೆ ತಿದ್ದಿ: ಕ್ವಿಲ್ಟ್ ಸ್ಕೇಲ್ ಬಳಸುವುದು ಹೇಗೆ?

ಕೌದಿಗೆ ಸ್ಕೇಲ್ ಬೇಕಿಲ್ಲ. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಕೌದಿ ಹೊಲಿಯುವ ಹಿರಿಯರನ್ನು ಕೇಳಿ ನೋಡಿ, ‘ಅಳತಿ ಯಾಕ್ ಬೇಕವ್ವಾ, ಕಣ್ಣಳತಿ ಸಾಕು’ ಅಂತಾರೆ. ಅದು ನಿಜವೇ. ಹಳೆಯ ಸೀರೆಯ ಪದರದ ಮೇಲೆ ತುಂಡು ಇಡುತ್ತಾರೆ, ಅಂಚು ಒಳಗೆ ಮಡಚುತ್ತಾರೆ, ಸಾಲು ಸಾಲಾಗಿ ದಾರ ಓಡಿಸುತ್ತಾರೆ. ಒಂದು ತುಂಡು ಅರ್ಧ ಇಂಚು ಜಾಸ್ತಿಯಾದರೆ ಪಕ್ಕದ ತುಂಡಿನ ಮೇಲೆ ಹತ್ತಿ ಕೂರುತ್ತದೆ. ಕೌದಿ ಅದನ್ನೆಲ್ಲ ನುಂಗಿಕೊಳ್ಳುತ್ತದೆ.

ಕ್ವಿಲ್ಟ್ ಬ್ಲಾಕ್ ಹಾಗಲ್ಲ. ಇಲ್ಲಿ ಕೆಳಗೆ ಆಸರೆಯ ಬಟ್ಟೆ ಇರುವುದಿಲ್ಲ. ತುಂಡಿಗೆ ತುಂಡು ಅಂಚಿನಲ್ಲಿ ಜೋಡಿಸಿ, ಕಾಲು ಇಂಚು ಒಳಗೆ ಹೊಲಿಗೆ ಹಾಕಿ ಒಂದು ಚೌಕ ಮಾಡಬೇಕು. ಆ ಚೌಕವೇ ಬ್ಲಾಕ್. ಅಂಥ ಚೌಕಗಳನ್ನೇ ಜೋಡಿಸಿದರೆ ಹೊದಿಕೆ, ಅಂದರೆ ಕ್ವಿಲ್ಟ್. ಒಂದು ಹೊಲಿಗೆಯಲ್ಲಿ ಹದಿನಾರನೇ ಒಂದು ಇಂಚು, ಅಂದರೆ ಒಂದೂವರೆ ಮಿಲಿಮೀಟರ್‌ನಷ್ಟು ಒಳಗೆ ಹೋದಿರಿ ಅಂದುಕೊಳ್ಳಿ. ಎರಡೂ ಬದಿಯ ಬಟ್ಟೆ ಸೇರಿ ಎಂಟನೇ ಒಂದು ಇಂಚು ಹೋಯಿತು. ಮೂರು ತುಂಡಿನ ಸಾಲಿನಲ್ಲಿ ಎರಡು ಹೊಲಿಗೆ ಇರುತ್ತವೆ, ಅಲ್ಲಿಗೆ ಕಾಲು ಇಂಚು ಖೋತಾ. ನಕ್ಷತ್ರದ ಮೂಲೆಗಳು ಮೊಂಡಾಗುವುದು ಇಲ್ಲಿಂದಲೇ.

ಇದಕ್ಕೆಂದೇ ಬಗೆಬಗೆಯ ಅಕ್ರಿಲಿಕ್ ಸ್ಕೇಲ್‌ಗಳು ಬಂದಿವೆ. ಆನ್‌ಲೈನ್‌ನಲ್ಲಿ ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ. ತುಂಬಾ ಜನ ಈ ಸ್ಕೇಲ್ ಕೊಂಡರೆ ಬಟ್ಟೆ ಕತ್ತರಿಸುವುದು ಸಲೀಸಾಗುತ್ತದೆ ಅಂದುಕೊಳ್ಳುತ್ತಾರೆ. ಕತ್ತರಿಸಲು ಸಾಮಾನ್ಯ ಉದ್ದ ಸ್ಕೇಲ್ ಸಾಕು. ವಿಶೇಷ ಸ್ಕೇಲ್‌ನ ನಿಜವಾದ ಕೆಲಸ ಶುರುವಾಗುವುದು ಹೊಲಿದ ಮೇಲೆ, ತುಂಡನ್ನು ತಿದ್ದುವಾಗ. ಎಂಟು ಇಂಚಿನ ಒಂದು ನಕ್ಷತ್ರದ ಬ್ಲಾಕ್ ಮಾಡುತ್ತಾ ಇದನ್ನು ನೋಡೋಣ. ಕ್ವಿಲ್ಟ್ ಮಾಡುವವರು ಇದನ್ನು ಸಾಟೂತ್ ಸ್ಟಾರ್ ಅನ್ನುತ್ತಾರೆ.

ಏನೇನು ಬೇಕು?

6 ಇಂಚು ಅಗಲ, 24 ಇಂಚು ಉದ್ದದ ಒಂದು ಪಾರದರ್ಶಕ ಸ್ಕೇಲ್. ಒಂದು ಚೌಕ ಸ್ಕೇಲ್, 6½ ಇಂಚಿನದಾದರೂ ಸಾಕು, 9½ ಆದರೆ ಒಳ್ಳೆಯದು. 45 ಮಿಲಿಮೀಟರ್ ಗಾಲಿಯ ರೋಟರಿ ಕಟರ್, ಅದರ ಕೆಳಗೆ ಹಾಸಲು ಕಟಿಂಗ್ ಮ್ಯಾಟ್. ಇವುಗಳ ಜೊತೆ ಒಂದೇ ಒಂದು ವಿಶೇಷ ಸ್ಕೇಲ್: ಫ್ಲೈಯಿಂಗ್ ಗೀಸ್ ಸ್ಕೇಲ್. ನಡುವೆ ಒಂದು ದೊಡ್ಡ ತ್ರಿಕೋನ, ಎರಡು ಬದಿಗೆ ಎರಡು ಸಣ್ಣ ತ್ರಿಕೋನ ಇರುವ ಆಯತಕ್ಕೆ ಆ ಹೆಸರು. ನಕ್ಷತ್ರದ ಕಿರಣಗಳೆಲ್ಲ ಬರುವುದು ಅದರಿಂದಲೇ.

ಟೇಲರ್ ಅಂಗಡಿಯ ಸ್ಟೀಲ್ ಎಲ್ ಸ್ಕೇಲ್ ಮನೆಯಲ್ಲಿದೆಯಲ್ಲ ಅನ್ನಬಹುದು. ಅದರ ಮೂಲೆ ಪಕ್ಕಾ ಇರುತ್ತದೆ, ಸಂಶಯವಿಲ್ಲ. ಆದರೆ ಕೆಳಗಿನ ಹೊಲಿಗೆ ಕಾಣುವುದಿಲ್ಲ, ಕಟರ್‌ನ ಅಲಗು ಲೋಹಕ್ಕೆ ತಾಗಿ ಬೇಗ ಮೊಂಡಾಗುತ್ತದೆ. ಟೇಪು ಬೇಡವೇ ಬೇಡ, ಅದು ಹಳೆಯದಾದಂತೆ ಜಗ್ಗುತ್ತದೆ. ಮಕ್ಕಳ ಕಂಪಾಸ್ ಪೆಟ್ಟಿಗೆಯ ಪ್ಲಾಸ್ಟಿಕ್ ಸ್ಕೇಲ್‌ನಲ್ಲಿ ಸೊನ್ನೆ ಅಂಚಿನಿಂದ ಶುರುವಾಗುವುದಿಲ್ಲ, ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಅವಸರದಲ್ಲಿ ಅಂಚಿನಿಂದ ಅಳೆದರೆ ಮುಗಿಯಿತು ಕಥೆ.

ಕೊಳ್ಳುವಾಗ ಇಂಚಿನದೋ ಸೆಂಟಿಮೀಟರಿನದೋ ನೋಡಿ. 15 ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ 6 ಇಂಚು ತಾನೇ ಅಂತ ಸುಮ್ನೆ ತಗೋಬೇಡಿ. ಅದು 5.9 ಇಂಚು. ಒಂದೇ ಹೊದಿಕೆಯಲ್ಲಿ ಎರಡನ್ನೂ ಬೆರೆಸಿದರೆ ಯಾವ ಚೌಕವೂ ಕೂಡುವುದಿಲ್ಲ. ದಪ್ಪ ಸುಮಾರು 3 ಮಿಲಿಮೀಟರ್ ಇರಲಿ. ಅದಕ್ಕಿಂತ ತೆಳುವಾದರೆ ಕಟರ್ ಸ್ಕೇಲ್ ಮೇಲೆ ಹತ್ತಿ ಬೆರಳಿಗೆ ಬರುವ ಭಯ.

ಗೀಸ್ ಸ್ಕೇಲ್ ಸಿಗದಿದ್ದರೆ ಅಕ್ರಿಲಿಕ್ ನೇಮ್ ಬೋರ್ಡ್ ಮಾಡುವವರನ್ನು ವಿಚಾರಿಸಿ. ಲೇಸರ್ ಮಷಿನ್ ಇದ್ದವರು ನೀವು ಕೊಟ್ಟ ಅಳತೆಗೆ 3 ಮಿಲಿಮೀಟರ್ ಹಾಳೆ ಕತ್ತರಿಸಿ, ಗೆರೆಯನ್ನೂ ಕೊರೆದು ಕೊಡುತ್ತಾರೆ. ನಮ್ಮ ಬ್ಲಾಕಿಗೆ ಬೇಕಾದದ್ದು 4½ ಇಂಚು ಅಗಲ, 2½ ಇಂಚು ಎತ್ತರದ ಒಂದು ಪಟ್ಟಿ. ಅದರಲ್ಲಿ ಕೆಳಗಿನ ಎರಡು ಮೂಲೆಗಳಿಂದ 45 ಡಿಗ್ರಿಯಲ್ಲಿ ಎರಡು ಗೆರೆ ಮೇಲಕ್ಕೆ ಬರಬೇಕು. ಅವು ಕೂಡುವ ಬಿಂದು ಮೇಲಂಚಿನಿಂದ ಸರಿಯಾಗಿ ಕಾಲು ಇಂಚು ಕೆಳಗೆ, ಎಡಬಲದಿಂದ 2¼ ಇಂಚಿಗೆ ಇರುತ್ತದೆ. ಈ ಬಿಂದುವನ್ನು ನೆನಪಿಡಿ, ಮುಂದೆ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಸ್ಕೇಲ್ ಜಾರುತ್ತಿದ್ದರೆ ಹಾರ್ಡ್‌ವೇರ್ ಅಂಗಡಿಯಿಂದ ನುಣುಪು ಸ್ಯಾಂಡ್ ಪೇಪರ್ ತಂದು, ಸಣ್ಣ ಚೂರುಗಳನ್ನು ಹಿಂಬದಿಯ ಮೂಲೆಗಳಿಗೆ ಅಂಟಿಸಿ. ಮ್ಯಾಟ್ ಮೇಲೆ ಇಸ್ತ್ರಿ ಇಡಬೇಡಿ, ಏಪ್ರಿಲ್ ಬಿಸಿಲಿಗೆ ಕಾರಿನಲ್ಲೂ ಬಿಡಬೇಡಿ. ಒಮ್ಮೆ ಸೊಟ್ಟಗಾದರೆ ಮತ್ತೆ ಸಮ ಆಗುವುದಿಲ್ಲ.

ಬಟ್ಟೆಗೆ ಗಂಜಿ

ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಮುತ್ತಲಿನ ಬಟ್ಟೆ ಅಂಗಡಿಗಳಿರಲಿ, ಧಾರವಾಡದ ಸುಭಾಷ್ ರಸ್ತೆಯಿರಲಿ, ಶುರುವಿಗೆ ಸಾದಾ ಕಾಟನ್ನೇ ತನ್ನಿ. ಹೊಸ ಕಾಟನ್ ನೀರಿಗೆ ಬಿದ್ದರೆ ಕುಗ್ಗುತ್ತದೆ, ಆದ್ದರಿಂದ ಒಮ್ಮೆ ಒಗೆದು ಒಣಗಿಸಿ. ಕೆಂಪು, ಕಡುನೀಲಿ ಬಣ್ಣ ಬಿಡುತ್ತದೆಯೇ ಎಂದು ಬಿಳಿ ಚಿಂದಿಯ ಜೊತೆ ನೆನೆಸಿ ನೋಡಿ. ಆಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿ. ಗಂಜಿ ಹಾಕಿದ ಬಟ್ಟೆ ಕ್ರಾಸ್‌ನಲ್ಲಿ, ಅಂದರೆ ಎಳೆಗೆ ಓರೆಯಾಗಿ ಎಳೆದಾಗ, ಅಷ್ಟಾಗಿ ಜಗ್ಗುವುದಿಲ್ಲ. ತ್ರಿಕೋನದ ಓರೆ ಅಂಚು ಅಂದರೆ ಕ್ರಾಸ್ ಅಂಚೇ ಅಲ್ವಾ?

ಗುಳೇದಗುಡ್ಡದ ಖಣ ನೋಡಿ ಆಸೆಯಾಗುವುದು ಸಹಜ. ಅದರ ಎಳೆ ಬೇಗ ಬಿಚ್ಚಿಕೊಳ್ಳುತ್ತದೆ. ಹಿಂಬದಿಗೆ ಇಸ್ತ್ರಿಯಲ್ಲಿ ಅಂಟುವ ತೆಳು ಕ್ಯಾನ್ವಾಸ್ ಹಾಕಿದ ಮೇಲೆಯೇ ಕತ್ತರಿಸಿ, ಅದೂ ಎರಡನೇ ಬ್ಲಾಕಿಗೆ.

ಕಾಲು ಇಂಚಿನ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗಲೇಬಾರದು. 1½ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿ ಹೊಲಿಯಿರಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ರಾಷ್ಟ್ರಧ್ವಜ ಹೊಲಿಯುವುದೂ ಮೂರು ಪಟ್ಟಿ ಕೂಡಿಸಿಯೇ. ಉದ್ದಗಲ 3:2 ಆಗಿರಬೇಕು, ಮೂರು ಪಟ್ಟಿಯೂ ಸಮ ಇರಬೇಕು. ಅಲ್ಲಿ ಕಣ್ಣಳತೆ ನಡೆಯುವುದಿಲ್ಲ. ನಿಮ್ಮ ಮೂರು ಪಟ್ಟಿಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಅಳೆಯಿರಿ. ಇಸ್ತ್ರಿ ಹಾಕಿದ ಮೇಲೆ ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಬರಬೇಕು.

ಕಡಿಮೆ ಬಂದರೆ ನಿಮ್ಮ ಹೊಲಿಗೆ ಜಾಸ್ತಿ ಒಳಗೆ ಹೋಗುತ್ತಿದೆ. ಕೊನೆಗೆ ಕಾಲು ಇಂಚು ಕೂಡಬೇಕಾದರೆ ಹೊಲಿಗೆ ಕಾಲು ಇಂಚಿಗಿಂತ ಒಂದೆರಡು ಎಳೆ ಹೊರಗೇ ಇರಬೇಕು. ಬಟ್ಟೆ ಮಡಚುವಾಗ ಆ ಮಡಿಕೆಯೂ ಸ್ವಲ್ಪ ಜಾಗ ತಿನ್ನುತ್ತದೆ. ಎಳೆ ಎಣಿಸಿ ಕಸೂತಿ ಹಾಕುವವರಿಗೆ ಇದು ಹೊಸದಲ್ಲ.

ಮನೆಯ ಮಷಿನ್‌ನ ಫೂಟ್ ಅಗಲವೇ ಕಾಲು ಇಂಚು ಎಂದು ನಂಬಬೇಡಿ. ಚೌಕ ಸ್ಕೇಲನ್ನು ಫೂಟ್ ಕೆಳಗಿಟ್ಟು, ಚಕ್ರವನ್ನು ಕೈಯಲ್ಲೇ ತಿರುಗಿಸಿ ಸೂಜಿಯನ್ನು ಕಾಲು ಇಂಚಿನ ಗೆರೆಯ ಮೇಲೆ ಮೆಲ್ಲಗೆ ಇಳಿಸಿ. ಸ್ಕೇಲ್‌ನ ಬಲ ಅಂಚು ಎಲ್ಲಿ ಬರುತ್ತದೋ ಅಲ್ಲಿ ಪ್ಲೇಟಿನ ಮೇಲೆ ಎರಡು ಮೂರು ಪದರ ಟೇಪ್ ಅಂಟಿಸಿ. ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಹೋಗಲಿ. ಪಟ್ಟಿ ಸರಿಬರುವ ತನಕ ಟೇಪ್ ಸರಿಸುತ್ತಾ ನೋಡಿ.

ಕತ್ತರಿಸುವುದು

ಸ್ಕೇಲ್ ಮೇಲೆ ನಾಲ್ಕು ಬೆರಳು ಊರಿ, ಕಿರುಬೆರಳನ್ನು ಸ್ಕೇಲ್‌ನ ಆಚೆ ಮ್ಯಾಟ್ ಮೇಲೆ ಒತ್ತಿ ಹಿಡಿಯಿರಿ. ಕಟರ್ ಯಾವಾಗಲೂ ನಿಮ್ಮಿಂದ ದೂರ ಹೋಗಲಿ. ಕೆಳಗಿಡುವಾಗ ಪ್ರತಿ ಸಲ ಅಲಗು ಮುಚ್ಚಿ. ಅಳತೆಯನ್ನು ಸ್ಕೇಲ್‌ನಲ್ಲೇ ನೋಡಿ, ಮ್ಯಾಟ್‌ನ ಗೆರೆಯಲ್ಲಲ್ಲ. ಸ್ಕೇಲ್‌ನ ಗೆರೆಗೂ ದಪ್ಪ ಇರುತ್ತದೆ. ಅದನ್ನು ಬಟ್ಟೆಯ ಮೇಲೆ ಇಡುತ್ತೀರೋ, ಬಟ್ಟೆಯ ಆಚೆ ಇಡುತ್ತೀರೋ, ಒಂದನ್ನು ಆರಿಸಿ. ಇಡೀ ಹೊದಿಕೆಗೆ ಅದನ್ನೇ ಪಾಲಿಸಿ. ನಾನು ಬಟ್ಟೆಯ ಮೇಲೆಯೇ ಇಡುತ್ತೇನೆ.

ನಕ್ಷತ್ರದ ಬಣ್ಣದಲ್ಲಿ 4½ ಇಂಚಿನ ಒಂದು ಚೌಕ ನಡುವಿಗೆ, 3 ಇಂಚಿನ ನಾಲ್ಕು ಚೌಕ ಕಿರಣಗಳಿಗೆ. ಹಿನ್ನೆಲೆಯ ಬಣ್ಣದಲ್ಲಿ 5½ ಇಂಚಿನ ಒಂದು ದೊಡ್ಡ ಚೌಕ, 2½ ಇಂಚಿನ ನಾಲ್ಕು ಮೂಲೆ ಚೌಕ. ಲೆಕ್ಕದ ಪ್ರಕಾರ ದೊಡ್ಡ ಚೌಕ 5¼, ಕಿರಣದ ಚೌಕ 2⅞ ಇದ್ದರೂ ಸಾಕು. ನಾವು ಬೇಕೆಂದೇ ದೊಡ್ಡದಾಗಿ ಕತ್ತರಿಸುತ್ತಿದ್ದೇವೆ. ತಿದ್ದಲು ಬಟ್ಟೆ ಇಲ್ಲದಿದ್ದರೆ ಆ ಸ್ಕೇಲ್ ಇದ್ದೂ ಇಲ್ಲದ ಹಾಗೆ.

ಗೀಸ್ ಹೊಲಿಯುವುದು

ದೊಡ್ಡ ಚೌಕವನ್ನು ಮುಖ ಮೇಲಾಗಿ ಇಡಿ. ಎದುರುಬದುರಿನ ಎರಡು ಮೂಲೆಗೆ ಎರಡು ಸಣ್ಣ ಚೌಕಗಳನ್ನು ಮುಖ ಕೆಳಗಾಗಿ ಇಡಿ. ನಡುವೆ ಅವು ಒಂದರ ಮೇಲೊಂದು ಸ್ವಲ್ಪ ಬರುತ್ತವೆ, ಬರಲಿ. ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಇಂಚು ಬಿಟ್ಟು ಹೊಲಿಯಿರಿ. ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಸಣ್ಣ ತ್ರಿಕೋನಗಳನ್ನು ಹೊರಕ್ಕೆ ತಿರುಗಿಸಿ ಇಸ್ತ್ರಿ ಒತ್ತಿ. ಎಳೆಯಬೇಡಿ, ಎತ್ತಿ ಇಟ್ಟು ಒತ್ತಿ. ಹೃದಯದ ಆಕಾರದ ಎರಡು ತುಂಡು ಬರುತ್ತವೆ. ಉಳಿದ ಒಂದೊಂದು ಸಣ್ಣ ಚೌಕವನ್ನು ಒಂದೊಂದರ ಖಾಲಿ ಮೂಲೆಗೆ ಇಟ್ಟು, ಎರಡು ‘ಕಿವಿ’ಗಳ ನಡುವೆ ಹಾಯುವಂತೆ ಗೆರೆ ಎಳೆದು, ಮತ್ತೆ ಎರಡೂ ಬದಿಗೆ ಹೊಲಿದು ಕತ್ತರಿಸಿ. ನಾಲ್ಕು ಗೀಸ್ ಸಿದ್ಧ. ಒಂದೂ ತ್ರಿಕೋನವನ್ನು ಬಿಡಿಯಾಗಿ ಕತ್ತರಿಸದೆ ಕೆಲಸ ಮುಗಿಯಿತು.

ಈಗ ಸ್ಕೇಲ್

ಈ ನಾಲ್ಕೂ ತುಂಡು ಸ್ವಲ್ಪ ದೊಡ್ಡವು, ಸ್ವಲ್ಪ ಸೊಟ್ಟ. ಒಂದನ್ನು ಮ್ಯಾಟ್ ಮೇಲೆ ಇಡಿ, ತುದಿ ಮೇಲಕ್ಕಿರಲಿ. ಗೀಸ್ ಸ್ಕೇಲನ್ನು ಅದರ ಮೇಲಿಟ್ಟು ಮೊದಲು ಹೊಲಿಗೆಯನ್ನು ನೋಡಿ, ಅಂಚನ್ನಲ್ಲ. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಬಟ್ಟೆಯ ಅಂಚಿಗೆ ಸ್ಕೇಲ್ ಅಂಚು ಕೂಡಿಸಲು ಹೋಗುತ್ತಾರೆ. ಸ್ಕೇಲ್‌ನ ಎರಡು ಓರೆ ಗೆರೆಗಳು ಎರಡು ಹೊಲಿಗೆಯ ಮೇಲೆ ಕೂರಬೇಕು, ಗೆರೆ ಕೂಡುವ ಬಿಂದು ತ್ರಿಕೋನದ ತುದಿಯ ಮೇಲೆ ಬರಬೇಕು. ಅಂಚಿನ ಬಟ್ಟೆ ಸುತ್ತಲೂ ಎಲ್ಲಿ ಹೇಗೆ ಚಾಚಿದರೂ ತಲೆ ಕೆಡಿಸಿಕೊಳ್ಳಬೇಡಿ.

ಸ್ಕೇಲ್‌ನ ಅಳತೆ ಸರಿಯಾಗಿ 4½ ಕ್ಕೆ 2½ ಇದ್ದರೆ ಅಲುಗಿಸದೆ ನಾಲ್ಕೂ ಬದಿ ಕತ್ತರಿಸಬಹುದು, ಮ್ಯಾಟನ್ನೇ ತಿರುಗಿಸಿಕೊಳ್ಳಿ. ದೊಡ್ಡ ಸ್ಕೇಲ್ ಆದರೆ ಮೇಲಿನ ಮತ್ತು ಬಲ ಬದಿ ಮೊದಲು ಕತ್ತರಿಸಿ, ತುಂಡನ್ನು ತಿರುಗಿಸಿ ಉಳಿದೆರಡು ಬದಿ. ಬ್ಲಾಕ್ ಲಾಕ್ ಎಂಬ ಕಂಪನಿಯ ಸ್ಕೇಲ್‌ಗಳಲ್ಲಿ ಗೆರೆಯ ಜಾಗದಲ್ಲಿ ಕೆಳಗಡೆ ಸಣ್ಣ ತೋಡು ಕೊರೆದಿರುತ್ತಾರೆ. ಇಸ್ತ್ರಿ ಮಾಡಿದ ಹೊಲಿಗೆಯ ದಪ್ಪ ಅದರೊಳಗೆ ಸಿಕ್ಕಿ ಸ್ಕೇಲ್ ಅಲುಗುವುದೇ ಇಲ್ಲ. ಕಣ್ಣು ಮಂಜಾದವರಿಗೆ ಅದು ದುಡ್ಡಿಗೆ ಮೋಸವಿಲ್ಲ. ಉಳಿದವರಿಗೆ ಗೆರೆಯ ಸ್ಕೇಲ್ ಸಾಕು.

ಕತ್ತರಿಸಿದ ಮೇಲೆ ಎರಡು ಕಡೆ ನೋಡಿ. ತುದಿಯ ಮೇಲೆ ಕಾಲು ಇಂಚು ಬಟ್ಟೆ ಉಳಿದಿರಬೇಕು. ಕೆಳಗೆ ಎರಡೂ ಹೊಲಿಗೆ ನೇರ ಮೂಲೆಗೇ ಹೋಗಿ ಮುಟ್ಟಿರಬೇಕು. ತುದಿ ಅಂಚಿಗೆ ತಾಗಿಕೊಂಡೇ ಇದ್ದರೆ ಅದನ್ನು ಈಗಲೇ ಪಕ್ಕಕ್ಕಿಡಿ. ಜೋಡಿಸಿದಾಗ ಆ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ, ತುದಿಯೂ ಅದರ ಜೊತೆಗೇ ಹೋಗುತ್ತದೆ.

ಜೋಡಿಸುವುದು

ಮೂರು ಸಾಲು. ಮೇಲೆ ಮತ್ತು ಕೆಳಗೆ: ಮೂಲೆ, ಗೀಸ್, ಮೂಲೆ. ನಡುವೆ: ಗೀಸ್, ದೊಡ್ಡ ಚೌಕ, ಗೀಸ್. ಎಲ್ಲ ಗೀಸ್‌ನ ತುದಿಯೂ ನಡುವಿನ ಚೌಕದ ಕಡೆಗೇ ತಿರುಗಿರಲಿ. ಗೀಸನ್ನು ಚೌಕಕ್ಕೆ ಹೊಲಿಯುವಾಗ ಗೀಸ್ ಮೇಲ್ಗಡೆ, ಹಿಂಬದಿ ಕಾಣುವಂತೆ ಇರಲಿ. ಎರಡು ಹೊಲಿಗೆ ಅಡ್ಡಹಾಯ್ದು ಕತ್ತರಿ ಗುರುತಿನಂತೆ ಕಾಣುತ್ತದಲ್ಲ, ಅದರ ನಡುಬಿಂದುವಿನಿಂದ ಒಂದೇ ಒಂದು ಎಳೆ ಅಂಚಿನ ಕಡೆ ಸೂಜಿ ಹಾಯಲಿ. ತುದಿ ಚೂಪಾಗಿ ಉಳಿಯುತ್ತದೆ.

ಮೇಲಿನ ಕೆಳಗಿನ ಸಾಲಿನ ಹೊಲಿಗೆಗಳನ್ನು ಮೂಲೆಯ ಕಡೆ ಮಡಚಿ, ನಡುವಿನ ಸಾಲಿನವನ್ನು ಚೌಕದ ಕಡೆ. ಆಗ ಸಾಲು ಕೂಡಿಸುವಾಗ ಎದುರುಬದುರು ಹೊಲಿಗೆಗಳು ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ, ಬೆರಳಿಗೇ ಗೊತ್ತಾಗುತ್ತದೆ. ಮುಗಿದ ಬ್ಲಾಕ್ 8½ ಇಂಚು ಇರಬೇಕು. ಕಡಿಮೆಯಿದ್ದರೆ ಇಸ್ತ್ರಿಯಲ್ಲಿ ಜಗ್ಗಬೇಡಿ, ಯಾವ ಹೊಲಿಗೆ ಜಾಸ್ತಿ ಒಳಗೆ ಹೋಗಿದೆ ನೋಡಿ ಅದೊಂದನ್ನೇ ಬಿಚ್ಚಿ. 12 ಇಂಚಿನ ನಕ್ಷತ್ರ ಬೇಕಾದವರು ಇದೇ ಕ್ರಮದಲ್ಲಿ 6½, 4, 7½, 3½ ಇಂಚಿನ ಚೌಕಗಳನ್ನು ಕತ್ತರಿಸಿ ಗೀಸನ್ನು 6½ ಕ್ಕೆ 3½ ಆಗಿ ತಿದ್ದಿಕೊಳ್ಳಲಿ.

ಇನ್ನೆರಡು ಸ್ಕೇಲ್

60 ಡಿಗ್ರಿ ತ್ರಿಕೋನದ ಸ್ಕೇಲ್‌ನಲ್ಲಿ ತುದಿ ಚೂಪಾಗಿದೆಯೋ ಮೊಂಡಾಗಿದೆಯೋ ನೋಡಿಕೊಳ್ಳಿ. ಚೂಪಾದರೆ ಬೇಕಾದ ಎತ್ತರಕ್ಕೆ ಮುಕ್ಕಾಲು ಇಂಚು ಸೇರಿಸಿ ಪಟ್ಟಿ ಕತ್ತರಿಸಬೇಕು, ಮೊಂಡಾದರೆ ಅರ್ಧ ಇಂಚು.

ಡ್ರೆಸ್ಡನ್ ಪ್ಲೇಟ್ ಎಂಬ ಹೂವಿನಂಥ ವಿನ್ಯಾಸಕ್ಕೆ 18 ಡಿಗ್ರಿಯ ಎಸಳಿನ ಸ್ಕೇಲ್ ಬರುತ್ತದೆ. 20 ಎಸಳಿಗೆ ಒಂದು ಸುತ್ತು. ಇಪ್ಪತ್ತನ್ನೂ ಹೊಲಿದ ಮೇಲೆ ನಡುವೆ ಗುಡ್ಡ ಎದ್ದಿತೆಂದರೆ ಎಲ್ಲಿ ತಪ್ಪಿತೆಂದು ಹುಡುಕುವುದು ಕಷ್ಟ. ಐದೈದು ಎಸಳು ಹೊಲಿದು ನಿಲ್ಲಿಸಿ. ಐದು ಹದಿನೆಂಟು ತೊಂಬತ್ತು, ಅಂದರೆ ಸರಿಯಾದ ಕಾಲು ಸುತ್ತು. ಟೇಲರ್ ಎಲ್ ಸ್ಕೇಲ್ ಬೇಡ ಅಂದಿದ್ದೆನಲ್ಲ, ಇಲ್ಲಿ ಅದೇ ಬೇಕು. ಅದರ ಮೂಲೆಗೆ ಎರಡೂ ಬದಿಯ ಅಂಚು ಕೂತರೆ ಮುಂದಿನ ಐದಕ್ಕೆ ಹೋಗಿ.