ಕ್ಲಿನಿಕ್ ನಡೆಸುವ ಮಕ್ಕಳ ಡಾಕ್ಟರುಗಳೇ ಸೇರಿ ಸಂಶೋಧನೆ ಮಾಡೋದು ಹೇಗೆ?

ನೆಗಡಿ, ಕೆಮ್ಮು, ಜ್ವರದ ಮಕ್ಕಳು ಬರೋದು ನಮ್ಮ ಕ್ಲಿನಿಕ್ಕಿಗೆ. ಅವರ ಬಗ್ಗೆ ಪೇಪರ್ ಬರೆಯೋದು ಮಾತ್ರ ಹೆಚ್ಚಾಗಿ ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ಕೂತವರು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1986ರಲ್ಲೇ ಇದಕ್ಕೊಂದು ದಾರಿ ಹುಡುಕಿತು. ಕ್ಲಿನಿಕ್ ಡಾಕ್ಟರುಗಳದ್ದೇ ಒಂದು ಜಾಲ ಕಟ್ಟಿ ‘ಪ್ರಾಸ್’ (ಪೀಡಿಯಾಟ್ರಿಕ್ ರಿಸರ್ಚ್ ಇನ್ ಆಫೀಸ್ ಸೆಟ್ಟಿಂಗ್ಸ್) ಅಂತ ಹೆಸರಿಟ್ಟಿತು. ಮೂರು ತಿಂಗಳೊಳಗಿನ, ಜ್ವರ ಬಂದ 3,066 ಕೂಸುಗಳನ್ನು ಈ ಜಾಲ ಗಮನಿಸಿತು. 2004ರಲ್ಲಿ ಬಂದ ಫಲಿತಾಂಶ ಕುತೂಹಲದ್ದು: ಡಾಕ್ಟರುಗಳು ಎಷ್ಟೋ ಸಲ ಮಾರ್ಗಸೂಚಿ ಬಿಟ್ಟು ಕೂಸನ್ನು ನೋಡಿ ನಿರ್ಧರಿಸಿದ್ದರು, ಟೆಸ್ಟು, ಅಡ್ಮಿಷನ್ ಎರಡೂ ಕಡಿಮೆಯಾಗಿದ್ದವು, ಆದರೂ ಆರೈಕೆ ಕೆಟ್ಟಿರಲಿಲ್ಲ. ವಾರ್ಡಿನಲ್ಲಿ ಕೂತು ಇದನ್ನು ಕಂಡುಹಿಡಿಯೋಕೆ ಆಗ್ತಿತ್ತಾ?

ನಿಮ್ಮೂರಲ್ಲಿ ಶುರು ಮಾಡಬೇಕಾ? ಭಾರತದ ಮಕ್ಕಳ ವೈದ್ಯರ ಸಂಘವಾದ ಐಎಪಿಯ ಜಿಲ್ಲಾ ಶಾಖೆಯ ಸಭೆಯಲ್ಲಿ ಎಂಟು-ಹತ್ತು ಜನ ಸಿಕ್ಕರೆ ಸಾಕು. ಪ್ರಶ್ನೆ ಅವರಿಂದಲೇ ಬರಲಿ. ಕಾಲೇಜಿನ ಪ್ರೊಫೆಸರ್ ತಂದುಕೊಟ್ಟ ಪ್ರಶ್ನೆಗೆ ಎರಡನೇ ತಿಂಗಳಿಂದ ಯಾರೂ ಫಾರ್ಮ್ ತುಂಬೋದಿಲ್ಲ. ‘ಬರೀ ನೆಗಡಿ-ಕೆಮ್ಮಿಗೆ ನಾವು ಎಷ್ಟು ಸಲ ಆಂಟಿಬಯಾಟಿಕ್ ಬರೀತೀವಿ?’ ಅನ್ನೋದು ಒಳ್ಳೆಯ ಮೊದಲ ಪ್ರಶ್ನೆ. ಸ್ವಲ್ಪ ಮುಜುಗರ ಆಗುತ್ತೆ, ಆಗಲಿ.

ಫಾರ್ಮ್ ಒಂದೇ ಪುಟ ಇರಲಿ. ಸಂಜೆ ಓಪಿಡಿಯಲ್ಲಿ ಹೊರಗೆ ಮೂವತ್ತು ಮಕ್ಕಳು ಅಳ್ತಾ ಇರುವಾಗ ಎರಡು ನಿಮಿಷದಲ್ಲಿ ಮುಗಿಯಬೇಕು, ಅರ್ಧ ಭಾಗ ರಿಸೆಪ್ಷನ್‌ನಲ್ಲಿರೋ ಹುಡುಗಿಯೇ ತುಂಬುವಂತಿರಬೇಕು. ಇಷ್ಟ ಬಂದ ಕೇಸುಗಳನ್ನು ಆರಿಸಬೇಡಿ. ಗೊತ್ತು ಮಾಡಿದ ದಿನ ಬಂದ ಮಕ್ಕಳನ್ನೆಲ್ಲ ಸಾಲಾಗಿ ಸೇರಿಸಿ, ಇಲ್ಲದಿದ್ದರೆ ಲೆಕ್ಕ ವಾಲುತ್ತೆ. ಒಬ್ಬ ಡಾಕ್ಟರ ಹತ್ತಿರ ಬರೋ ಮಕ್ಕಳೆಲ್ಲ ಒಂದೇ ಥರ ಚಿಕಿತ್ಸೆ ಪಡೆಯೋದು ಸಹಜ, ಅವರನ್ನು ಪೂರ್ತಿ ಬೇರೆ ಬೇರೆ ಕೇಸು ಅಂತ ಎಣಿಸೋಕೆ ಆಗೋದಿಲ್ಲ. ಹಾಗಾಗಿ ಎಷ್ಟು ಮಕ್ಕಳು ಬೇಕು ಅಂತ ಮೊದಲೇ ಅಂಕಿಅಂಶ ಬಲ್ಲವರನ್ನು ಕೇಳಿ. ಸಾಮಾನ್ಯವಾಗಿ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೇಳ್ತಾರೆ.

ಸಂಶೋಧನೆ ನೈತಿಕವಾಗಿದೆಯಾ ಅಂತ ನೋಡೋ ಎಥಿಕ್ಸ್ ಕಮಿಟಿಯ ಒಪ್ಪಿಗೆ ತಪ್ಪಿಸೋ ಹಾಗಿಲ್ಲ. ಕ್ಲಿನಿಕ್ಕಿಗೆ ಸ್ವಂತ ಕಮಿಟಿ ಇರೋದಿಲ್ಲ, ಹಾಗಾಗಿ ಹತ್ತಿರದ ಮೆಡಿಕಲ್ ಕಾಲೇಜಿನ ನೋಂದಾಯಿತ ಕಮಿಟಿಯ ಜೊತೆ ಒಪ್ಪಂದ ಮಾಡಿಕೊಳ್ಳಿ. ಅಪ್ಪ-ಅಮ್ಮನ ಒಪ್ಪಿಗೆ ಜೊತೆಗೆ ಮಗುವಿನದೂ ಬೇಕಾಗಬಹುದು: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ 7ರಿಂದ ಸುಮಾರು 12 ವರ್ಷದವರದು ಬಾಯಿಮಾತಿನಲ್ಲಿ, ಅದಕ್ಕೂ ದೊಡ್ಡವರದು ಬರಹದಲ್ಲಿ. ಮಕ್ಕಳ ಹೆಸರಿರೋ ಚೀಟಿಯ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಬೇಡಿ, ದಯವಿಟ್ಟು. ಪ್ರತಿ ಮಗುವಿಗೂ ಒಂದು ನಂಬರ್ ಕೊಡಿ, ಹೆಸರಿನ ಪಟ್ಟಿ ಆಯಾ ಕ್ಲಿನಿಕ್ಕಿನಲ್ಲೇ ಇರಲಿ.

ಪೇಪರಿನಲ್ಲಿ ಯಾರ ಹೆಸರು ಎಲ್ಲಿ ಅನ್ನೋದನ್ನು ಮೊದಲ ಸಭೆಯಲ್ಲೇ ಬರೆದಿಡಿ. ಜಗಳ ಆಗೋದೇ ಅಲ್ಲಿ. ಆಮೇಲೆ ಪ್ರತಿ ತಿಂಗಳು ಒಬ್ಬೊಬ್ಬರಿಗೂ ಅವರದೇ ಅಂಕಿ ಕಳಿಸಿ, ಪಕ್ಕದಲ್ಲಿ ಉಳಿದವರ ಸರಾಸರಿ, ಹೆಸರಿಲ್ಲದೆ. ಫಾರ್ಮ್ ಬರೋದು ನಿಂತರೆ ಮೇಲ್ ಮಾಡಬೇಡಿ, ಫೋನ್ ಮಾಡಿ, ಮಧ್ಯಾಹ್ನ ಓಪಿಡಿ ಮುಗಿದ ಮೇಲೆ.