ಚಂಡಮಾರುತ ದೂರದಲ್ಲೇ ದಾಟಿ ಹೋದರೂ: ಕಡಲಂಚಿನ ನಮ್ಮ ಮನೆಯ ಸಿದ್ಧತೆ

ಅರಬ್ಬಿ ಸಮುದ್ರದಲ್ಲಿ ಹುಟ್ಟುವ ಚಂಡಮಾರುತಗಳು ಸಾಮಾನ್ಯವಾಗಿ ಉತ್ತರ ಕನ್ನಡದ ತೀರಕ್ಕೆ ಬಂದು ಅಪ್ಪಳಿಸುವುದಿಲ್ಲ. 2020ರ ಜೂನ್‌ನಲ್ಲಿ ನಿಸರ್ಗ ಮಹಾರಾಷ್ಟ್ರದ ಅಲಿಬಾಗ್ ಬಳಿ, 2021ರ ಮೇ ತಿಂಗಳಲ್ಲಿ ತೌಕ್ತೆ ಗುಜರಾತಿನಲ್ಲಿ, 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಗುಜರಾತಿನ ಜಖಾವ್ ಬಳಿ ನೆಲ ಮುಟ್ಟಿದವು. ಈ ಕಾರಣಕ್ಕೇ ನಮ್ಮಲ್ಲಿ ಅನೇಕರು ಅದು ಗುಜರಾತಿನವರ ಚಿಂತೆ ಎಂದು ಭಾವಿಸುತ್ತಾರೆ. ಆದರೆ 2021ರ ಮೇ 15 ಮತ್ತು 16ರಂದು ತೌಕ್ತೆ ನಮ್ಮ ಪಶ್ಚಿಮಕ್ಕೆ ಕಡಲಿನ ಮೇಲೆಯೇ ಸಾಗಿ ಹೋದಾಗ ಕರಾವಳಿಯುದ್ದಕ್ಕೂ ಮನೆಗಳ ಮಾಡುಗಳು, ಅಂದರೆ ಛಾವಣಿಗಳು, ಹಾರಿದವು, ವಿದ್ಯುತ್ ಕಂಬಗಳು ಉರುಳಿದವು, ದೋಣಿಗಳು ಒಡೆದವು. ಅಂಕೋಲಾ ತಾಲೂಕಿನ ಬೇಲೆಕೇರಿಯ ಸಮೀಪದ ನಮ್ಮ ಹಂಚಿನ ಮನೆಯನ್ನು ನಾನು ಸಿದ್ಧಗೊಳಿಸುವುದು ಹೀಗೆ ದಾಟಿ ಹೋಗುವ ಚಂಡಮಾರುತಕ್ಕಾಗಿಯೇ.

ಇಂಥ ಚಂಡಮಾರುತದ ಗಾಳಿ ಒಂದೇ ದಿಕ್ಕಿನಿಂದ ಬೀಸುವುದಿಲ್ಲ. ನಮ್ಮ ಭೂಭಾಗದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆಯಾದ್ದರಿಂದ, ಅದರ ಕೇಂದ್ರ ನಮಗೆ ನೈರುತ್ಯದಲ್ಲಿರುವಾಗ ಗಾಳಿ ಆಗ್ನೇಯದಿಂದ, ನೇರ ಪಶ್ಚಿಮಕ್ಕೆ ಬಂದಾಗ ದಕ್ಷಿಣದಿಂದ, ವಾಯವ್ಯಕ್ಕೆ ಸರಿದ ಮೇಲೆ ನೈರುತ್ಯದಿಂದ ಬೀಸುತ್ತದೆ. ಕಡಲಿನ ಕಡೆಯಿಂದ ನೇರವಾಗಿ ಮನೆಯ ಮೇಲೆ ಎರಗುವ ಗಾಳಿ ಈ ಕೊನೆಯದೇ. ಅಷ್ಟು ಹೊತ್ತಿಗೆ ಟಿವಿಯವರು ಅದು ಕರ್ನಾಟಕವನ್ನು ದಾಟಿತೆಂದು ಹೇಳಿರುತ್ತಾರೆ, ಜನರೂ ಹೊರಗೆ ಬಂದಿರುತ್ತಾರೆ. ಬಾಲ್ಯದಿಂದ ಕಡಲಿಗೆ ಹೋಗುವ ನಮ್ಮ ನೆರೆಯವರು ಇದನ್ನು ಯಾವ ನಕ್ಷೆಯೂ ಇಲ್ಲದೆ ಬಲ್ಲರು. "ಅಕ್ಕೋರೆ, ಗಾಳಿ ತೆಂಕಲಿಂದ ಪಡುವಲಿಗೆ ತಿರುಗಿ ತಣ್ಣಗಾಗೂವರೆಗೆ ಮಕ್ಳನ್ನ ಹೊರಗೆ ಬಿಡ್ಬೇಡಿ" ಎಂದು ಅವರು ಹೇಳಿದ್ದನ್ನು ನಾನು ಶಾಲೆಯ ಮಕ್ಕಳಿಗೂ ಹೇಳಿಕೊಡುತ್ತೇನೆ.

ಆದ್ದರಿಂದ ನಮ್ಮ ಮನೆಯಲ್ಲಿ ದುರಸ್ತಿ ಆರಂಭವಾಗುವುದು ನೈರುತ್ಯ ಮೂಲೆಯ ಮಾಡಿನಿಂದ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕ ಕೂಡಲೇ ಹಂಚು ಹೊದಿಸುವವರನ್ನು ಕರೆಸುತ್ತೇನೆ. ಮೇ ತಿಂಗಳಲ್ಲಿ ಅವರು ಯಾರ ಕೈಗೂ ಸಿಗುವುದಿಲ್ಲ. ಮಂಗಳೂರು ಹಂಚು ತನ್ನ ಭಾರದಿಂದಲೇ ಕುಳಿತಿರುತ್ತದೆ. ಸೂರಿನ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಗಾಳಿ ವೇಗ ಪಡೆದಾಗ ಮೇಲಿನ ಒತ್ತಡ ಕುಸಿದು, ಒಳಗಿನ ಗಾಳಿ ಹಂಚನ್ನು ಕೆಳಗಿನಿಂದ ಎತ್ತುತ್ತದೆ. ಒಂದು ಹಂಚು ಎದ್ದರೆ ಆ ಕಿಂಡಿಯಿಂದ ಗಾಳಿ ನುಗ್ಗಿ ಸಾಲು ಸಾಲೇ ಏಳುತ್ತದೆ. ಹಂಚಿನ ಅಡಿಯಲ್ಲಿರುವ ಕಿವಿಯ ತೂತಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಪೋಣಿಸಿ, ಹಂಚು ಕೂರುವ ಮರದ ಪಟ್ಟಿಯಾದ ರೀಪಿಗೆ ಬಿಗಿಯುವುದೇ ಇದಕ್ಕೆ ಪರಿಹಾರ. ಇಡೀ ಮಾಡಿಗೆ ಹೀಗೆ ಮಾಡುವ ಅಗತ್ಯವಿಲ್ಲ. ಸೂರಿನ ಕೊನೆಯ ಎರಡು ಸಾಲು ಮತ್ತು ಎರಡೂ ತುದಿಗಳ ಅಂಚಿಗೆ ಮಾಡಿದರೆ ಬಹುಪಾಲು ಕೆಲಸ ಆದಂತೆ. ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಪ್ರತಿ ವರ್ಷ ಕೈಯಿಂದ ಎಳೆದು ನೋಡಿ, ಪುಡಿಯುದುರಿದ್ದನ್ನು ಬದಲಿಸುತ್ತೇವೆ. ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಅದನ್ನೂ ಆಗಲೇ ಮುಚ್ಚಿಸುತ್ತೇವೆ, ಲಡ್ಡು ಹಿಡಿದ (ಕೊಳೆತ) ಪಕಾಸು, ಅಂದರೆ ರೀಪನ್ನು ಹೊರುವ ಓರೆ ಮರ, ಇದ್ದರೆ ತೆಗೆಸುತ್ತೇವೆ.

ಕೊಟ್ಟಿಗೆಗೆ ತಗಡಿನ ಶೀಟು ಹಾಕಿದ್ದೇವೆ, ಅದರ ಅಂಚಿನ ಸಾಲಿಗೆ ಬೋಲ್ಟುಗಳನ್ನು ಹತ್ತಿರ ಹತ್ತಿರ ಕೊಡಿಸಿದ್ದೇವೆ. ಊರಿನಲ್ಲಿ ಅನೇಕರು ಶೀಟಿನ ಮೇಲೆ ಚಿರೆಕಲ್ಲು ಹೇರುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಶೀಟು ಎದ್ದಾಗ ಆ ಕಲ್ಲು ಬೀಳುವುದು ಕೆಳಗಿರುವವರ ತಲೆಯ ಮೇಲೆ.

ಮರಗಳ ವಿಚಾರದಲ್ಲಿ ಮಮತೆ ಅಡ್ಡ ಬರುತ್ತದೆ. ಕೆಂಪು ಮೂತಿ ಹುಳು ಹೊಕ್ಕ ತೆಂಗಿನ ಮರ ಹೊರಗಿನಿಂದ ಗಟ್ಟಿಯಾಗಿಯೇ ಕಾಣಬಹುದು. ಕಾಂಡದ ತೂತಿನಿಂದ ಕಂದು ರಸ ಒಸರಿದ್ದರೆ, ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಅಂಥ ಮರ ಮನೆಯ ಕಡೆಗೆ ವಾಲಿದ್ದರೆ ಕಡಿಸಲೇಬೇಕು. ಉಳಿದ ಮರಗಳ ಬಲಿತ ಕಾಯಿ ಮತ್ತು ಒಣಗಿದ ಹೆಡೆಗಳನ್ನು ಮೇ ಮೊದಲ ವಾರದೊಳಗೆ ಇಳಿಸುತ್ತೇವೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳನ್ನು ನಾವೇ ಮುಟ್ಟದೆ ವಿದ್ಯುತ್ ಕಂಪನಿಯಾದ ಹೆಸ್ಕಾಂನವರಿಗೆ ಬರೆದುಕೊಡುತ್ತೇವೆ.

ಗಾಳಿ ನಿಂತ ಮೇಲೂ ಬಹಳ ಕಾಲ ಕಾಡುವುದು ಕರೆಂಟಿಲ್ಲದ ದಿನಗಳು. ಪಂಪು ನಿಂತರೆ ಬಾವಿಯಿದ್ದೂ ನೀರಿಲ್ಲದಂತಾಗುತ್ತದೆ. ಆದ್ದರಿಂದ ನಾವು ರಾಟೆ, ಹಗ್ಗ, ಕೊಡಪಾನಗಳನ್ನು ಇಂದಿಗೂ ಬಾವಿಯಿಂದ ತೆಗೆದಿಲ್ಲ. ಕುಡಿಯಲು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಿನ ಲೆಕ್ಕದಲ್ಲಿ ಮೂರು ದಿನಗಳ ನೀರನ್ನು ಮುಚ್ಚಳದ ಪಾತ್ರೆಗಳಲ್ಲಿ ತುಂಬಿಡುತ್ತೇವೆ. ಕುಚ್ಚಲಕ್ಕಿ ಬೇಯಲು ಉರುವಲು ಹೆಚ್ಚು ಬೇಕಾಗುವುದರಿಂದ ಆ ದಿನಗಳಿಗಾಗಿ ಅವಲಕ್ಕಿ, ಬೆಲ್ಲ, ಉಪ್ಪಿನಕಾಯಿ ಇರುತ್ತದೆ. ಅತ್ತೆಯವರಿಗೆ ಇನ್ಸುಲಿನ್ ಬೇಕು, ಫ್ರಿಜ್ ನಿಂತರೆ ಅದನ್ನು ತಂಪಾಗಿಡುವುದು ಹೇಗೆಂದು ವೈದ್ಯರನ್ನು ಕೇಳಿಕೊಂಡೆ. ಅಗಲ ಬಾಯಿಯ ಮಣ್ಣಿನ ಪಾತ್ರೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಮಡಕೆಯಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಔಷಧವನ್ನು ಆ ಮಡಕೆಯಲ್ಲಿಟ್ಟು ಮೇಲೆ ಒದ್ದೆ ಬಟ್ಟೆ ಮುಚ್ಚುತ್ತೇನೆ. ಗಾಳಿಯಾಡುವ ನೆರಳಿನಲ್ಲಿಟ್ಟು ಮರಳನ್ನು ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಮೊಬೈಲ್ ಟವರುಗಳ ಬ್ಯಾಟರಿ ಮುಗಿದ ಮೇಲೆ ಸುದ್ದಿ ಕೇಳಲು ಸೆಲ್ಲಿನ ರೇಡಿಯೋ ಇದೆ, ಅದರಲ್ಲಿ ಕಾರವಾರ ಆಕಾಶವಾಣಿ ಸಿಗುತ್ತದೆ.

ಇಷ್ಟು ಮೊದಲೇ ಆಗಿದ್ದರೆ ಮುನ್ಸೂಚನೆ ಬಂದಾಗ ಉಳಿಯುವ ಕೆಲಸ ಕಡಿಮೆ. ಹವಾಮಾನ ಇಲಾಖೆ 72 ಗಂಟೆ ಮೊದಲು ನಿಗಾ ಸೂಚನೆಯನ್ನೂ, ನಂತರ 48 ಮತ್ತು 24 ಗಂಟೆಗಳ ಎಚ್ಚರಿಕೆಗಳನ್ನೂ ಕೊಡುತ್ತದೆ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ಅದು ಚಂಡಮಾರುತವೆನಿಸುತ್ತದೆ. ಆದರೆ ಹೆಸರಿಡುವವರೆಗೆ ನಾನು ಕಾಯುವುದಿಲ್ಲ, ವಾಯುಭಾರ ಕುಸಿತವೆಂಬ ಸುದ್ದಿ ಬಂದಾಗಲೇ ಅಂಗಳದ ಬಕೆಟ್ಟು, ಏಣಿ, ಕುರ್ಚಿಗಳು ಒಳಗೆ ಬರುತ್ತವೆ. ಆಧಾರ್, ಪಹಣಿ, ರೇಷನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡುತ್ತೇನೆ. ಆ ದಿನಗಳ ಭರತಿಯ, ಅಂದರೆ ಕಡಲು ಉಬ್ಬುವ, ಹೊತ್ತನ್ನು ಗೋಡೆಯ ಮೇಲೆ ಬರೆಯುತ್ತೇನೆ. ಅಮಾವಾಸ್ಯೆ, ಹುಣ್ಣಿಮೆಯ ಭರತಿಯೊಡನೆ ನೈರುತ್ಯದ ಗಾಳಿ ಸೇರಿದರೆ ಕಡಲು ಮೇಲೇರುತ್ತದೆ, ಹಳ್ಳದ ನೀರು ಹೊರಹೋಗಲಾರದೆ ಹಿಂದಕ್ಕೆ ತಳ್ಳಲ್ಪಡುತ್ತದೆ. ಅಂಥ ದಿನ ಕತ್ತಲಾಗುವ ಮೊದಲೇ ಅತ್ತೆಯವರನ್ನು ಎತ್ತರದಲ್ಲಿರುವ ನಾದಿನಿಯ ಮನೆಗೆ ಕಳಿಸುತ್ತೇನೆ, ದನಗಳ ಹಗ್ಗ ಬಿಚ್ಚುತ್ತೇನೆ.

ಗಾಳಿ ಬೀಸುವಾಗ ಒತ್ತಡ ಸರಿಹೋಗಲೆಂದು ಕಿಟಕಿ ತೆರೆಯಬೇಕೆಂಬ ಮಾತೊಂದಿದೆ. ಅದು ತಪ್ಪು, ಒಳನುಗ್ಗಿದ ಗಾಳಿಯೇ ಮಾಡನ್ನು ಎತ್ತುತ್ತದೆ. ಗಾಳಿ ನಿಂತ ಮೇಲೆ, ಹರಿದುಬಿದ್ದ ತಂತಿ ಕಂಡರೆ ಹತ್ತಿರ ಸುಳಿಯದೆ ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸುತ್ತೇವೆ. ಮಾಡು ಹಾಳಾಗಿದ್ದರೆ ದುರಸ್ತಿಗೆ ಮೊದಲು ಫೋಟೋ ತೆಗೆದು ಗ್ರಾಮ ಆಡಳಿತ ಅಧಿಕಾರಿಗೆ ಹೇಳುತ್ತೇವೆ; ಪರಿಹಾರಕ್ಕೆ ಅದು ಬೇಕಾಗುತ್ತದೆ. ಬಾವಿಗೆ ಹೊರಗಿನ ನೀರು ಸೇರಿದ್ದರೆ ಸಾವಿರ ಲೀಟರಿಗೆ ಕನಿಷ್ಠ 2.5 ಗ್ರಾಂ ಲೆಕ್ಕದಲ್ಲಿ ಹೊಸ ಬ್ಲೀಚಿಂಗ್ ಪುಡಿ ಬೇಕು. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 24 ಗ್ರಾಂ ಆಗುತ್ತದೆ. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಬಾವಿಗೆ ಇಳಿಸಿ, ಕೊಡಪಾನವನ್ನು ಮೇಲೆ ಕೆಳಗೆ ಆಡಿಸಿ ಬೆರೆಸಬೇಕು. ಒಂದು ಗಂಟೆಯ ನಂತರವೂ ನೀರಿನಲ್ಲಿ ಕ್ಲೋರಿನ್ ವಾಸನೆ ಇಲ್ಲದಿದ್ದರೆ ಮತ್ತೊಮ್ಮೆ ಹಾಕುತ್ತೇನೆ. ವಾಸನೆ ಇದ್ದರೂ ಆ ವಾರವೆಲ್ಲ ನೀರನ್ನು ಕುದಿಸಿಯೇ ಕುಡಿಯುತ್ತೇವೆ.