ಗ್ರೂಪ್ ಇನ್ಶೂರೆನ್ಸ್ ರಿಪೋರ್ಟಲ್ಲಿ ಯಾರ ಕಾಯಿಲೆನೂ ಕಾಣದ ಹಾಗೆ ಮಾಡಿದ್ದು: ನನ್ನ ಅನುಭವ

ನಾನು ಎಚ್‌ಆರ್‌ನಲ್ಲಿ ಗ್ರೂಪ್ ಹೆಲ್ತ್ ಇನ್ಶೂರೆನ್ಸ್ ನೋಡ್ಕೊಳ್ಳೋದು. ಮಾಹಿತಿ ಸೋರಿಕೆ ಅಂದ ತಕ್ಷಣ ಎಲ್ರೂ ಹ್ಯಾಕರ್, ಪಾಸ್‌ವರ್ಡ್ ಅಂತಾರೆ, ಆದ್ರೆ ಈ ಕೆಲಸದಲ್ಲಿ ನಾನು ನೋಡಿರೋ ಪ್ರಕಾರ ಒಬ್ಬರ ಕಾಯಿಲೆ ಸುದ್ದಿ ಆಫೀಸಲ್ಲಿ ಹರಡೋದು ತಿಂಗಳಾ ತಿಂಗಳಾ ಬರೋ ಕ್ಲೇಮ್ ರಿಪೋರ್ಟಿಂದ, ಇಲ್ಲಾ ಸುಮ್ನೆ ಸಿಸಿ ಹಾಕೋ ಮೇಲ್‌ಗಳಿಂದ.

ಆ ರಿಪೋರ್ಟ್ ಅಂದ್ರೆ ಒಂದು ಎಕ್ಸೆಲ್ ಶೀಟು. ಉದ್ಯೋಗಿ ನಂಬರ್, ಹೆಸರು, ಪೇಷೆಂಟ್ ಅವರೇನಾ ಹೆಂಡ್ತಿನಾ ಮಗುನಾ, ವಯಸ್ಸು, ಆಸ್ಪತ್ರೆ, ಕಾಯಿಲೆ, ದುಡ್ಡು, ಎಲ್ಲಾ ಸಾಲಾಗಿ. ಎಚ್‌ಆರ್, ಫೈನಾನ್ಸ್, ಮ್ಯಾನೇಜ್‌ಮೆಂಟ್ ಎಲ್ಲರಿಗೂ ಹೋಗ್ತಿತ್ತು. ಹೆಸರು ಮತ್ತೆ ಕಾಯಿಲೆ ತೆಗೀರಿ ಅಂತ, ನಮಗೂ ಇನ್ಶೂರೆನ್ಸ್ ಕಂಪನಿಗೂ ಮಧ್ಯೆ ಇದ್ದು ಈ ರಿಪೋರ್ಟ್ ಕಳಿಸೋ ಬ್ರೋಕರ್‌ಗೆ ಹೇಳಿದೆ. ಮುಂದಿನ ತಿಂಗಳು ಹೆಸರು ಇರ್ಲಿಲ್ಲ, ಕಾಯಿಲೆ ಜಾಗದಲ್ಲಿ ಎಫ್32, ಸಿ50 ಅಂತ ಕೋಡ್ ಬಂತು. ಇವು ಒಂದೊಂದು ಕಾಯಿಲೆಗೂ ಡಬ್ಲ್ಯುಎಚ್‌ಒ ಕೊಟ್ಟಿರೋ ಐಸಿಡಿ-10 ಕೋಡ್‌ಗಳು, ಗೂಗಲ್‌ನಲ್ಲಿ ಹಾಕಿದ್ರೆ ಎಫ್32 ಅಂದ್ರೆ ಡಿಪ್ರೆಶನ್, ಸಿ50 ಅಂದ್ರೆ ಸ್ತನ ಕ್ಯಾನ್ಸರ್ ಅಂತ ತಕ್ಷಣ ಬರುತ್ತೆ. ಉದ್ಯೋಗಿ ನಂಬರ್ ಬೇರೆ ಹಾಗೇ ಇತ್ತು, ಪೇರೋಲ್ ಶೀಟ್ ಪಕ್ಕದಲ್ಲಿಟ್ರೆ ಮುಗೀತು. ಸರಿ, ನಂಬರೂ ತೆಗೆಸಿದೆ, ಆಮೇಲೂ "ಮಗ, 9 ವರ್ಷ, ಮೂರ್ಛೆ ರೋಗ" ಅನ್ನೋ ಥರ ಒಂದು ಸಾಲಿದ್ರೆ ಸಣ್ಣ ಟೀಮಲ್ಲಿ ಅದು ಯಾರ ಮಗು ಅಂತ ಗೊತ್ತಾಗಕ್ಕೆ ಹೆಸರು ಬೇಕಾ ಹೇಳಿ.

ಆಗ ಮ್ಯಾನೇಜ್‌ಮೆಂಟ್‌ಗೆ ನೇರವಾಗಿ ಕೇಳಿದೆ, ಈ ಶೀಟ್ ನೋಡಿ ನೀವು ಯಾವ ತೀರ್ಮಾನ ತಗೋತೀರ ಅಂತ. ರಿನ್ಯೂವಲ್‌ನಲ್ಲಿ ಪ್ರೀಮಿಯಂ ಎಷ್ಟು ಏರುತ್ತೆ ಅಂತ ತಿಳ್ಕೊಳ್ಳೋದು ಬಿಟ್ರೆ ಬೇರೆ ಉತ್ತರ ಇರ್ಲಿಲ್ಲ. ಅದಕ್ಕೆ ಒಟ್ಟು ಕ್ಲೇಮ್ ಎಷ್ಟು, ಕಟ್ಟಿದ ಪ್ರೀಮಿಯಂನಲ್ಲಿ ಅದು ಎಷ್ಟು ಪರ್ಸೆಂಟ್, ದೊಡ್ಡ ದೊಡ್ಡ ಗುಂಪುಗಳಲ್ಲಿ ಖರ್ಚು ಎಷ್ಟು, ಇಷ್ಟು ಸಾಕು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ನೋಡ್ಕೊಳ್ಳೋ ಸಿಎಂಎಸ್ ಅನ್ನೋ ಸಂಸ್ಥೆ ಡೇಟಾ ಹೊರಗೆ ಕೊಡುವಾಗ, ಯಾರು ಅಂತ ಗುರುತು ಸಿಗಬಾರದು ಅಂತ 1ರಿಂದ 10ರ ತನಕ ಸಂಖ್ಯೆ ಇರೋ ಖಾನೆ ತೋರಿಸಲ್ಲ, ನಾನೂ ಅದೇ ಹಿಡ್ಕೊಂಡೆ, 11 ಜನ ಇಲ್ಲದ ಗುಂಪು ಇದ್ರೆ "ಇತರೆ"ಗೆ ಸೇರಿಸಿ ಅಂತ.

ಫೈನಾನ್ಸ್‌ನವರು ಒಪ್ಲಿಲ್ಲ, ದುಡ್ಡು ನಮ್ದು, ಯಾರಾದ್ರೂ ಸುಳ್ಳು ಕ್ಲೇಮ್ ಹಾಕಿದ್ರೆ ಅಂದ್ರು. ಅದನ್ನ ಹಿಡಿಯೋದು ಇನ್ಶೂರೆನ್ಸ್ ಕಂಪನಿ ಕೆಲಸ ಸಾರ್, ಬಿಲ್ ನೋಡಕ್ಕೆ ಅವರ ಹತ್ರ ಡಾಕ್ಟರ್ ಇದಾರೆ, ನಮ್ಮತ್ರ ಇಲ್ಲ ಅಂದೆ. ಆರೋಗ್ಯ ಮಾಹಿತಿ ಕಾಪಾಡೋ ಅಮೆರಿಕದ ಹಿಪಾ ಕಾನೂನಿನ ಉದಾಹರಣೆನೂ ಕೊಟ್ಟೆ: 1996ರ ಆ ಕಾನೂನಿನ ಕೆಳಗೆ ಬಂದ ಪ್ರೈವಸಿ ರೂಲ್ ಪ್ರಕಾರ ಹೆಲ್ತ್ ಪ್ಲಾನ್ ಬೇರೆ, ಕೆಲಸ ಕೊಟ್ಟ ಕಂಪನಿ ಬೇರೆ, ಪ್ರೀಮಿಯಂ ಕೊಟೇಶನ್ ತಗೊಳಕ್ಕೆ ಗುರುತು ತೆಗೆದ ಸಾರಾಂಶ ಕೊಡಬಹುದು, ಆದ್ರೆ ಪ್ಲಾನ್‌ನ ಮಾಹಿತಿ ಇಟ್ಕೊಂಡು ಕೆಲಸದ ವಿಷಯದಲ್ಲಿ ತೀರ್ಮಾನ ಮಾಡೋ ಹಾಗಿಲ್ಲ. ಪ್ರಮೋಷನ್ ಲಿಸ್ಟ್ ಮಾಡೋರ ಮೇಲ್‌ಬಾಕ್ಸಲ್ಲೇ ಡಿಪ್ರೆಶನ್ ಕ್ಲೇಮ್ ಕೂತಿದ್ರೆ ಅದನ್ನ ನೋಡಿಲ್ಲ ಅಂದ್ರೆ ಯಾರು ನಂಬ್ತಾರೆ? ಈ ಮಾತಿಗೆ ಅವರೂ ಸುಮ್ಮನಾದ್ರು.

ಆಸ್ಪತ್ರೆ ಬಿಲ್, ಡಿಸ್ಚಾರ್ಜ್ ಸಮ್ಮರಿ ಎಲ್ಲಾ ಎಚ್‌ಆರ್ ಕೈಗೆ ಕೊಡೋ ಪದ್ಧತಿನೂ ನಿಲ್ಲಿಸಿದೆ, ಈಗ ಉದ್ಯೋಗಿ ನೇರವಾಗಿ ಇನ್ಶೂರೆನ್ಸ್ ಆ್ಯಪಲ್ಲಿ ಅಪ್‌ಲೋಡ್ ಮಾಡ್ತಾರೆ. ಕ್ಯಾಶ್‌ಲೆಸ್ ಅಪ್ರೂವಲ್ ಮೇಲಲ್ಲಿ ನಮ್ಮ ಐಡಿ ಸಿಸಿಯಿಂದ ತೆಗೆಸಿದೆ. ಹೆಲ್ತ್ ಚೆಕಪ್ ರಿಪೋರ್ಟ್ ಅವರವರಿಗೆ ಮಾತ್ರ.

ಕಷ್ಟ ಆಗೋದು ಕ್ಲೇಮ್ ರಿಜೆಕ್ಟ್ ಆದಾಗ. ಪಾಪ, ಗಾಬರೀಲಿ ಬರ್ತಾರೆ, ಫೈಲ್ ಬಿಚ್ಚಿ ಸ್ಕ್ಯಾನ್ ರಿಪೋರ್ಟ್ ತೋರಿಸಕ್ಕೆ ಶುರು ಮಾಡ್ತಾರೆ. ಕ್ಲೇಮ್ ನಂಬರ್ ಮತ್ತೆ ರಿಜೆಕ್ಷನ್ ಲೆಟರಲ್ಲಿ ಪಾಲಿಸಿಯ ಯಾವ ಷರತ್ತು ಹಾಕಿದಾರೆ ಅನ್ನೋದು ಮಾತ್ರ ಹೇಳಿ ಅಂತೀನಿ, ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತೆ. ಪೇಪರ್ ನೋಡ್ಲೇಬೇಕು ಅಂದ್ರೆ ಆ ಒಂದು ಕ್ಲೇಮಿಗೆ ಅಂತ ಅವರಿಂದ ಮೇಲಲ್ಲಿ ಒಪ್ಪಿಗೆ ತಗೋತೀನಿ, ಹೆಂಡ್ತಿದಾದ್ರೆ ಹೆಂಡ್ತಿಯದೇ ಒಪ್ಪಿಗೆ, ಮುಗಿದ ಮೇಲೆ ಅಟ್ಯಾಚ್‌ಮೆಂಟ್ ಟ್ರ್ಯಾಶಿಂದಾನೂ ಅಳಿಸ್ತೀನಿ. ಅವರ ಮ್ಯಾನೇಜರ್ ಬಂದು ಏನಾಗಿದೆಯಂತೆ ಅಂತ ಕೇಳಿದ್ರೆ ರಜೆ ಎಲ್ಲಿವರೆಗೆ ಅಂತ ಹೇಳ್ತೀನಿ, ಅಷ್ಟೇ.

ಇನ್ನೊಂದು, ಬಾಯಿಮಾತಲ್ಲಿ ಒಪ್ಪಿಸಿದ್ದು ಉಳಿಯಲ್ಲ. ಬ್ರೋಕರ್ ಕಡೆ ಅಕೌಂಟ್ ಮ್ಯಾನೇಜರ್ ಬದಲಾದ ಕೂಡಲೇ ಹಳೇ ಶೀಟೇ ಮತ್ತೆ ಬಂತು, ಅದಕ್ಕೆ ರಿನ್ಯೂವಲ್ ಅಗ್ರಿಮೆಂಟಲ್ಲೇ ರಿಪೋರ್ಟ್ ಫಾರ್ಮ್ಯಾಟ್ ಲಗತ್ತಿಸಿ, ಇದರಲ್ಲಿಲ್ಲದ ಯಾವ ಕಾಲಮ್ಮೂ ಕಳಿಸಬಾರದು ಅಂತ ಬರೆಸಿ ಇಬ್ಬರ ಸಹಿನೂ ಹಾಕಿಸಿದೆ.